ಶಾಂತಿ ಸಮ್ಮೇಳನದ ಬಾವುಟ

ನ್ಯೂರೆಂಬರ್ಗ್, 27 ಆಗಸ್ಟ್ 1939

ಪ್ರೀತಿಯ ಲೊರೆಂಟ್ಸ್ ಅಣ್ಣನಿಗೆ,

ಬರುವ ಶನಿವಾರ ಇಲ್ಲಿ ಶುರುವಾಗಬೇಕಿದ್ದ ಪಕ್ಷದ ‘ಶಾಂತಿ ಸಮ್ಮೇಳನ’ ರದ್ದಾಗಿದೆ. ರೇಡಿಯೊದಲ್ಲಿ ಹೇಳಿದರು, ಕಾರಣ ಹೇಳಲಿಲ್ಲ. ಅದಕ್ಕಾಗಿ ನಮ್ಮ ಹೊಲಿಗೆಮನೆಯಲ್ಲಿ ಸಿದ್ಧಪಡಿಸಿದ್ದ ಬಾವುಟಗಳಿಂದ ‘ಶಾಂತಿ’ ಎಂಬ ಅಕ್ಷರಗಳನ್ನು ಬಿಚ್ಚಬೇಕಂತೆ. ಬಟ್ಟೆ ಸೈನ್ಯಕ್ಕೆ ಬೇಕಾಗಿದೆ.

ಮೇ ತಿಂಗಳಲ್ಲಿ ನೀನು ನನ್ನ ಮಗ ಫೈಟ್‌ನನ್ನು ಸ್ವಿಟ್ಜರ್ಲೆಂಡಿಗೆ ಕರೆದಾಗ ತಡೆದವಳು ನಾನೇ. "ಶಾಂತಿ ಅಂತ ಬಾವುಟ ಹೊಲಿಸೋರು ಯುದ್ಧ ಮಾಡ್ತಾರೇನೋ, ಪೆದ್ದ?" ಅಂತ ಅವನಿಗೆ ಅಂದಿದ್ದೆ. ನಿನ್ನೆ ಅವನಿಗೆ ಸೈನ್ಯದ ಕರೆ ಬಂತು. ಚೀಟಿ ಓದಿ ನಕ್ಕ. "ಅಮ್ಮಾ, ಅಕ್ಷರ ಆಮೇಲೆ ಬಿಚ್ಚು. ಮೊದ್ಲು ನನ್ನ ಕೋಟಿಗೆ ಗುಂಡಿ ಹಾಕು" ಅಂದ. ಹಾಕಿಕೊಟ್ಟೆ.

ಅಂಚೆಯಲ್ಲಿ ಕಾಗದ ಒಡೆದು ಓದುತ್ತಾರೆ. ಅದಕ್ಕೇ ಇದನ್ನು ಪರಿಚಯದ ರೈಲು ಗಾರ್ಡ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನಗೆ ಕಾಯಿಲೆ ಜೋರಾಗಿದೆ, ಫೈಟ್ ತಕ್ಷಣ ಬರಲಿ ಎಂದು ತಂತಿ ಕೊಡು. ಅದನ್ನು ತೋರಿಸಿದರೆ ಗಡಿ ದಾಟಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬೇರೆ ದಾರಿ ತೋಚುತ್ತಿಲ್ಲ. ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅವನು ಬ್ಯಾರಕ್ಕಿನಲ್ಲಿ ಹಾಜರಿರಬೇಕು.

ನಿನ್ನ ತಂಗಿ,
ವಾಲ್ಬುರ್ಗಾ