ಪರದೆ ಕಪ್ಪಾದರೂ ಪ್ಲಗ್ ಕೀಳಬೇಡ

ಅಪ್ಪಾ,

ನಾನು ಲಸಿಕೆಯ ಡಬ್ಬಿ ತರಲು ಹೊರಟೆ. ಕಂಪ್ಯೂಟರ್ ಅಪ್‌ಡೇಟ್ ಆಗುತ್ತಿದೆ, ಮುಟ್ಟಬೇಡ. ಲಾಗಿನ್‌ನಲ್ಲಿ ಪಾಸ್‌ವರ್ಡ್ ಇಲ್ಲದೆಯೂ ಹೊರಗಿನವರು ನುಸುಳುವಂಥ ತೂತು ಇದೆಯಂತೆ. ಅದನ್ನು ಮುಚ್ಚುವ ಕೆಲಸ ಇದು. ಪರದೆ ಅರ್ಧ ಗಂಟೆ ಕಪ್ಪಾಗಿರುತ್ತದೆ. ಹೋದ ಸಲದ ಹಾಗೆ "ಅಯ್ಯೋ, ಸತ್ತೇ ಹೋಯ್ತು!" ಅಂತ ಪ್ಲಗ್ ಕಿತ್ತರೆ ಈ ಸಲ ನಮಗೂ ಒಳಗೆ ಹೋಗಲಾಗದು. ಇಡೀ ಊರಿನ ದನಗಳ ಲಸಿಕೆಯ ಪಟ್ಟಿ ಅದರಲ್ಲೇ ಇದೆ. ಹನ್ನೊಂದಕ್ಕೆ ದನದ ಡಾಕ್ಟರು ಬರುತ್ತಾರೆ.

ಕೊಟ್ಟಿಗೆಗೆ ಎರಡೆರಡು ಅಗುಳಿ ಹಾಕುವ ನೀನು ಪಾಸ್‌ವರ್ಡನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೀಯಲ್ಲ! ಅಳಿಸಿದ್ದೇನೆ.

ಕಾಫಿ ಫ್ಲಾಸ್ಕಿನಲ್ಲಿದೆ.

ಹಸು ಈಯುವಾಗ ಅವಸರಪಟ್ಟು ಕೈಹಾಕಬಾರದು, ಪಕ್ಕದಲ್ಲಿ ಕೂತು ಕಾಯಬೇಕು ಅಂತ ನನಗೆ ಕಲಿಸಿದವನು ನೀನೇ. ಇದರ ಮುಂದೆಯೂ ಹಾಗೇ ಕೂತಿರು. ತಾನಾಗಿಯೇ ಏಳುತ್ತದೆ.