ಹದಿನಾರನೆಯ ಮಣೆ

ದೋಹಾ, 2 ನವೆಂಬರ್ 1996

ಪಬ್ಬಿಗೆ ಚರ್ಚಿನ ಬೆಂಚು ತರಿಸಿದ ಹೋಟೆಲಿನ ಜನರಲ್ ಮ್ಯಾನೇಜರ್ ಸಾಹೇಬರೇ,

ನಿಮ್ಮ ಗೋಡೌನಿನಿಂದ ಕಾಣೆಯಾದ ಮರದ ಮಣೆಯನ್ನು ಕದ್ದವನು ಸ್ಟೋರ್‌ಕೀಪರ್ ಅಬ್ಬಾಸ್ ಅಲ್ಲ, ನಾನು. ಮಣೆ ಸಿಗುವ ತನಕ ಅವನ ಎಕ್ಸಿಟ್ ಪರ್ಮಿಟ್‌ಗೆ ಸಹಿ ಹಾಕುವುದಿಲ್ಲ ಎಂದಿದ್ದೀರಂತೆ. ಆ ಸಹಿಯಿಲ್ಲದೆ ಅವನು ಈ ದೇಶ ಬಿಟ್ಟು ಹೊರಡುವಂತಿಲ್ಲ. ಹತ್ತನೇ ತಾರೀಕು ಭಾನುವಾರ ಊರಿನಲ್ಲಿ ಅವನ ಒಬ್ಬಳೇ ಮಗಳು ಜುವೈರಿಯಾಳ ನಿಕಾಹ್. ಗುರುವಾರದ ವಿಮಾನ ತಪ್ಪಿದರೆ ಬೊಂಬಾಯಿಯಲ್ಲಿ ಇಳಿದು, ಬಸ್ಸು ಹಿಡಿದು, ಹೊತ್ತಿಗೆ ಸರಿಯಾಗಿ ಮನೆ ಮುಟ್ಟುವುದು ಆಗದ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ನಿಮ್ಮ ಸೀಮೆಗೂ ತಲುಪಿದೆ ಎಂದು ನನಗೆ ಗೊತ್ತಿರಲಿಲ್ಲ.

ಇದನ್ನು ಬಾಯಲ್ಲೇ ಹೇಳೋಣವೆಂದು ನಿಮ್ಮ ಆಫೀಸಿಗೆ ಎರಡು ಸಲ ಬಂದೆ. ಕಳ್ಳನಿಗೂ ಅಪಾಯಿಂಟ್‌ಮೆಂಟ್ ಬೇಕೆಂದು ನಿಮ್ಮ ಸೆಕ್ರೆಟರಿ ಹಿಂದಕ್ಕೆ ಕಳಿಸಿದರು. ಹದಿನಾಲ್ಕನೇ ತಾರೀಕು ಹತ್ತು ನಿಮಿಷ ಬಿಡುವಿದೆಯಂತೆ, ಅಂದರೆ ಮದುವೆ ಮುಗಿದು ನಾಲ್ಕು ದಿನಕ್ಕೆ. ಹಾಗಾಗಿ ಈ ಪತ್ರವನ್ನು ಸ್ಟಾಫ್ ಕ್ಯಾಂಟೀನಿನ ಗೋಡೆಗೆ ಅಂಟಿಸುತ್ತಿದ್ದೇನೆ. ನಿಮಗೆ ಕನ್ನಡ ಬಾರದು, ನನಗೆ ದೂರು ಬರೆಯುವಷ್ಟು ಇಂಗ್ಲಿಷ್ ಬಾರದು. ಇಲ್ಲಿ ಉಣ್ಣುವವರಲ್ಲಿ ಕನ್ನಡ ಓದಬಲ್ಲವರು ಹತ್ತಾರು ಜನ ಇದ್ದಾರೆ, ಸಂಜೆಯೊಳಗೆ ಯಾರಾದರೂ ನಿಮ್ಮ ಕಿವಿಗೆ ಹಾಕಿಯೇ ಹಾಕುತ್ತಾರೆ.

ನಿಮ್ಮ ಪಬ್ಬಿನ ಮರದ ಕೆಲಸ ಮಾಡಿದ ಬಡಗಿ ನಾನು. ಇಂಗ್ಲೆಂಡಿನ ಯಾವುದೋ ಹಳೆಯ ಊರಿನಿಂದ ಬಂದ ಡಿಸೈನರ್ ನಮಗೆ ಫೋಟೋಗಳನ್ನು ತೋರಿಸಿದ್ದ. ನಡುವೆ ಎಂಟುನೂರು ವರ್ಷದ ದೊಡ್ಡ ಚರ್ಚು, ಸುತ್ತಲೂ ಓಣಿ ಓಣಿಯಲ್ಲಿ ಪಬ್ಬುಗಳು. ಅಲ್ಲಿ ಪೂಜೆ ಮುಗಿಸಿದವನು ಐವತ್ತು ಹೆಜ್ಜೆ ನಡೆದರೆ ಪಬ್ಬು, ಕುಡಿದು ಪಶ್ಚಾತ್ತಾಪವಾದವನು ಐವತ್ತು ಹೆಜ್ಜೆ ಹಿಂದೆ ಬಂದರೆ ಚರ್ಚು. ನಮ್ಮೂರಿನಲ್ಲೂ ಹೀಗೆಯೇ. ಭಾನುವಾರ ಪೂಜೆ ಬಿಟ್ಟ ಕೂಡಲೇ ನನ್ನಪ್ಪನ ಕಾಲು ತಾನಾಗಿ ಸಾರಾಯಿ ಗಡಂಗಿನ ಕಡೆ ತಿರುಗುತ್ತಿತ್ತು. ಅಮ್ಮ ದೂರು ಕೊಟ್ಟರೆ ಪಾದ್ರಿಗಳು, ಪೂಜೆಗಂತೂ ತಪ್ಪದೆ ಬರುತ್ತಾನಲ್ಲ ಎಂದು ಸಮಾಧಾನ ಮಾಡುತ್ತಿದ್ದರು. ಆದ್ದರಿಂದ ಪಬ್ಬಿನ ಮೇಲೆ ನನಗೇನೂ ಹಗೆಯಿಲ್ಲ.

ಆದರೆ ಆ ಊರಿನಿಂದ ವಿಮಾನ ಹತ್ತಿ ಬಂದದ್ದು ಏನೇನು? ಬಣ್ಣದ ಗಾಜು ಬಂತು. ಗಂಟೆ ಬಂತು, ಈಗ ಅದನ್ನು ಬಿಯರಿನ ಕೊನೆಯ ಆರ್ಡರ್‌ಗೆ ಬಾರಿಸುತ್ತೀರಿ. ಬಾಗಿಲು ಮುಚ್ಚಿದ ಯಾವುದೋ ಚರ್ಚಿನ ಹದಿನಾರು ಬೆಂಚುಗಳು ಬಂದವು. ಚರ್ಚೊಂದು ಮಾತ್ರ ಬರಲಿಲ್ಲ. ಈ ಊರಿನಲ್ಲಿ ನಮಗೆ ಚರ್ಚಿಲ್ಲ ಎಂಬುದು ನಿಮಗೂ ಗೊತ್ತು. ಶುಕ್ರವಾರ ನಾವು ಎಲ್ಲಿ ಸೇರಿ ಪ್ರಾರ್ಥಿಸುತ್ತೇವೆ ಎಂದು ಬರೆಯಲಾರೆ. ಬಹಿರಂಗ ಪತ್ರದಲ್ಲೂ ಮುಚ್ಚಿಡಬೇಕಾದ ಸಂಗತಿ ಅದು.

ಆ ಬೆಂಚುಗಳಿಗೆ ಒಂದೊಂದು ತಗ್ಗಾದ ಮಣೆ ಇತ್ತು, ಹಿಂದಿನ ಸಾಲಿನವರು ಮೊಣಕಾಲೂರುವುದಕ್ಕೆ. ಗ್ಲಾಸು ಹಿಡಿದು ಬರುವವರ ಕಾಲಿಗೆ ತೊಡರುತ್ತದೆ, ಕತ್ತರಿಸಿ ತೆಗೆ ಎಂದು ನಿಮ್ಮ ಅಪ್ಪಣೆಯಾಯಿತು. ಕತ್ತರಿಸಿದೆ. ಯಾರ್ಯಾರೋ ಮೊಣಕಾಲೂರಿ ಊರಿ ಆ ಮಣೆಗಳು ಅರೆಯುವ ಕಲ್ಲಿನ ಹಾಗೆ ತಗ್ಗುಬಿದ್ದಿದ್ದವು. ಕೆಲಸ ಬಿಡುವ ಧೈರ್ಯವಿಲ್ಲದ ಕಾರಣ ಹದಿನಾರನ್ನೂ ಕತ್ತರಿಸಿ ಅಬ್ಬಾಸನ ಗೋಡೌನಿಗೆ ಒಪ್ಪಿಸಿದೆ.

ನಮ್ಮ ಪ್ರಾರ್ಥನೆಗೆ ಸೆವ್ರಿನ್ ಬಾಯಿ ಎಂಬವರು ಬರುತ್ತಾರೆ. ಓಲ್ಡ್ ಏರ್‌ಪೋರ್ಟ್ ಕಡೆಯ ವಿಲ್ಲಾವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಪ್ರಾಯ ಅರವತ್ತು ದಾಟಿದೆ. ಟೈಲ್ಸ್ ನೆಲಕ್ಕೆ ಟವೆಲ್ ಹಾಸಿ ಮೊಣಕಾಲೂರುತ್ತಾರೆ, ಏಳಿಸುವುದಕ್ಕೆ ಇಬ್ಬರು ಬೇಕು. ಕುರ್ಚಿಯಲ್ಲಿ ಕೂತುಕೊಳ್ಳಿ ಎಂದರೆ ಕೇಳುವುದಿಲ್ಲ. ಅವರಿಗಾಗಿ ಒಂದು ಮಣೆ ಕೊಡಿ ಎಂದು ಯಾರಿಂದಲೋ ಬರೆಸಿ ನಿಮಗೆ ಅರ್ಜಿ ಕೊಟ್ಟೆ. ಹೋಟೆಲಿನ ಸೊತ್ತನ್ನು ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ, ಬೇಡದ ಮರವನ್ನು ಸುಡಲಾಗುವುದು ಎಂದು ಉತ್ತರ ಬಂತು. ಸುಡುವುದಕ್ಕೆ ಪದ್ಧತಿಯಿದೆ, ಕೊಡುವುದಕ್ಕಿಲ್ಲ.

ಸೆವ್ರಿನ್ ಬಾಯಿಯ ಮೊಣಕಾಲಿನ ಕತೆ ಹೇಳಿ ಅಬ್ಬಾಸನನ್ನು ಕೇಳಿದೆ. "ನಂಗೆ ಕೊಡ್ಲಿಕ್ಕೆ ಎಂತ ಕಷ್ಟ ಮಾರಾಯ? ಆದ್ರೆ ಲಿಸ್ಟಲ್ಲಿ ಉಂಟಲ್ಲ," ಎಂದ. ಮರುದಿನ ಅವನು ಮಧ್ಯಾಹ್ನದ ನಮಾಝಿಗೆ ಹೋದಾಗ ಒಂದನ್ನು ಎತ್ತಿ ಹೆಗಲಿಗಿಟ್ಟುಕೊಂಡು ಗೇಟು ದಾಟಿದೆ. ಹಲಗೆ ಹೊತ್ತ ಬಡಗಿಯನ್ನು ಯಾರು ತಡೆಯುತ್ತಾರೆ? ಎರಡು ಶುಕ್ರವಾರ ಸೆವ್ರಿನ್ ಬಾಯಿ ಯಾರ ಕೈಯನ್ನೂ ಹಿಡಿಯದೆ ಎದ್ದರು. ನನಗೆ ಬಹಳ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಅಬ್ಬಾಸನ ವಿಷಯ ಗೊತ್ತಾಯಿತು. ಓಡಿಹೋಗಿ ತಪ್ಪೊಪ್ಪಿಕೊಂಡರೆ ಅವನಿಗೆ ಮೊದಲ ದಿನವೇ ತಿಳಿದಿತ್ತಂತೆ. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ಆ ಮುದುಕಿಯ ಮೊಣಕಾಲಡಿಯಿಂದ ಎಳ್ಕೊಂಡು ಬರ್ತಾರೆ. ಒಂದು ಮಣೆಗೆ ಎಷ್ಟು ದಿನ ಹಿಡ್ದಿಡ್ತಾರೆ, ಬಿಡ್ತಾರೆ ಅಂತ ಅಂದ್ಕೊಂಡೆ," ಎಂದ. ನಾನು ತಿಳಿದದ್ದಕ್ಕಿಂತ ನೀವು ಒಳ್ಳೆಯವರೆಂದು ಅವನು ತಿಳಿದಿದ್ದಾನೆ.

ನಿನ್ನೆ ಶುಕ್ರವಾರ ಸಕಲ ಸಂತರ ಹಬ್ಬ. ಪ್ರಾರ್ಥನೆ ಶುರುವಾಗುವ ಮೊದಲು ಸೆವ್ರಿನ್ ಬಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಮಣೆಯನ್ನು ಸೆರಗಿನಿಂದ ಒರಸಿ ನನ್ನ ಕೈಗೆ ಕೊಟ್ಟರು. "ಅವನ ಮಗಳ ಮದುವೆ ತಪ್ಪಿಸಿ ನಾನು ಇದ್ರ ಮೇಲೆ ಎಂತ ಪ್ರಾರ್ಥನೆ ಮಾಡುದು ಮಗಾ? ತಕ್ಕೊಂಡು ಹೋಗಿ ಕೊಡು," ಎಂದರು. ಆಮೇಲೆ ಟವೆಲ್ ಹಾಸಿದರು. ಏಳಿಸಲು ನಾನು ಒಂದು ಕೈ ಹಿಡಿದೆ, ಇನ್ನೊಂದನ್ನು ಬೇರೆ ಯಾರೋ ಹಿಡಿದರು.

ಸಾಹೇಬರೇ, ಈ ಪತ್ರದ ಕೆಳಗೆ ಗೋಡೆಗೆ ಒರಗಿಸಿಟ್ಟದ್ದೇ ಆ ಮಣೆ. ಕೊಂಡುಹೋಗಿ ಎಣಿಸಿಕೊಳ್ಳಿ, ಹದಿನಾರು ಸರಿಯಾಗುತ್ತದೆ. ಬುಧವಾರದೊಳಗೆ ಅಬ್ಬಾಸನ ಕಾಗದಕ್ಕೆ ಸಹಿ ಹಾಕಿ. ಶಿಕ್ಷೆ ಕೊಡಲೇಬೇಕಿದ್ದರೆ ನನಗೆ ಕೊಡಿ, ಅದಕ್ಕೆ ಅಪಾಯಿಂಟ್‌ಮೆಂಟ್ ಬೇಡ, ನಿಮ್ಮ ಪಬ್ಬಿನಲ್ಲೇ ಬಾಗಿಲಿಗೆ ಪಾಲಿಶ್ ಹಚ್ಚುತ್ತಿರುತ್ತೇನೆ. ಮಣೆಗಳನ್ನು ಸುಡುವ ದಿನ ಮಾತ್ರ ಆ ಕೆಲಸಕ್ಕೆ ನನ್ನನ್ನು ಕರೆಯಬೇಡಿ.

ಇಂತಿ,
ಹದಿನಾರನ್ನು ಕತ್ತರಿಸಿ, ಒಂದನ್ನು ಕದ್ದು, ಅದನ್ನೂ ದಕ್ಕಿಸಿಕೊಳ್ಳಲಾಗದ
ಬಡಗಿ ಥಿಯೋಡೋರ್