ನೀಲಿ ತೊಟ್ಟಿಯ ಹೆಪ್ಪು

ಮಾರ್ಚ್ ೧೧, ಮಂಗಳವಾರ

ವಿದೇಶಿ ಕಂಪನಿಯವನು ಕೊಡುತ್ತೇನೆಂದದ್ದು: ಒಂಟೆಗಳು ಓಡಾಡುತ್ತಿದ್ದ ಹಳೇ ವ್ಯಾಪಾರದ ದಾರಿಯುದ್ದಕ್ಕೂ ನಮ್ಮ ಬಟ್ಟೆಗೆ ಅಂಗಡಿ, ಬಟ್ಟೆಯ ಮೇಲೆ ನಮ್ಮ ಬಣ್ಣಗಾರರ ಸಂಘದ ಹೆಸರು. ಆಗುವುದಿಲ್ಲ ಎಂದದ್ದು: ಅದನ್ನು ಬರೆದುಕೊಡುವುದು.

ಇವತ್ತು ಮೂರನೇ ಸಲ ನಮ್ಮ ಬಣ್ಣದ ಶೆಡ್ಡಿಗೆ ಬಂದು, ಸಂಸ್ಕೃತಿ ವಿನಿಮಯ ಎನ್ನುತ್ತ ಅತ್ತೆಯ ಕೈಗಳನ್ನು ಒಂದು ಗಂಟೆ ವಿಡಿಯೊ ಮಾಡಿದ. ವಿನಿಮಯಕ್ಕೆ ನಮಗೆ ಸಿಕ್ಕಿದ್ದು ಒಂಟೆ ಚಿತ್ರದ ಕ್ಯಾಲೆಂಡರು. ಅತ್ತೆ ತೊಟ್ಟಿಯ ನೀಲಿಯನ್ನು ನಾಲಿಗೆಗೆ ಹಚ್ಚಿ ಹದ ನೋಡಿದಾಗ, ರುಚಿ ಹೇಗಿರಬೇಕೆಂದು ದುಭಾಷಿಯಿಂದ ಕೇಳಿಸಿದ.

"ನಲವತ್ತು ವರ್ಷ ನೆಕ್ಕಪ್ಪ, ಗೊತ್ತಾಗತ್ತೆ," ಎಂದರು ಅತ್ತೆ.

ನಾವೆಲ್ಲ ನಕ್ಕೆವು, ಅವನು ನಗಲಿಲ್ಲ. ಹೊರಡುವಾಗ ನೋಡಿದರೆ ಅವನ ನೀರಿನ ಬಾಟಲಿಯ ತುಂಬ ನೀಲಿ. ಹುದುಗಿದ ನೀಲಿ ಅದು; ಹಾಲಿಗೆ ಹಾಕಿದ ಹಾಗೆ ಬೇರೆಲ್ಲೋ ಹೊಸ ತೊಟ್ಟಿಗೆ ಹೆಪ್ಪು ಹಾಕಲು ಅಷ್ಟು ಸಾಕು. ಕಿತ್ತುಕೊಂಡು ತೊಟ್ಟಿಗೇ ಸುರಿದೆ. ಹಿಂದಿನ ಎರಡು ಸಲ ಬಂದು ಹೋದಾಗ ಅವನ ಬಾಟಲಿಯನ್ನು ನಮ್ಮಲ್ಲಿ ಯಾರು ನೋಡಿದ್ದರು?

ಕರಾರು ಬರೆದು ತರಲಿ. ಗುರುವಾರ, ಬೆಳಿಗ್ಗೆ ಹತ್ತಕ್ಕೆ, ಶೆಡ್ಡಿನ ಹೊರಗೆ.